ಜಾತ್ರೆ ನಿಂತ ವರ್ಷ ಮತ್ತು ವಿದ್ವಾಂಸರ ಹೊಣೆ

(ಮಸಗುಪ್ಪಿಯಲ್ಲಿ ಮಾಡಿದ ಉಪನ್ಯಾಸ)



2019ನೆಯ ಇಸವಿಯ ಆಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ಗೋಕಾಕ ಸೀಮೆಯ ಅನೇಕ ಗ್ರಾಮಗಳ ಮನೆ-ಹೊಲಗಳನ್ನು ನುಂಗಿದ್ದು ಈ ಸಭೆಗೆ ವಿದಿತವೇ ಇರುವದು. ಆ ಕೆಸರು ಒಣಗಿ ಏಳೆಂಟು ತಿಂಗಳು ಕಳೆಯುವಷ್ಟರಲ್ಲಿ ಕೊರೋನಾ ವ್ಯಾಧಿಯು ಬಂದೊದಗಿ, 2020ರ ಮಾರ್ಚ 25ರಂದು, ಯುಗಾದಿಯ ದಿನವೇ, ದೇಶವೆಲ್ಲ ಬಾಗಿಲು ಮುಚ್ಚಿತು. ಈ ಭಾಗದಲ್ಲಿ ಅದು ಜಾತ್ರೆಗಳ ಸುಗ್ಗಿಯ ಕಾಲ. ತೇರು ಎಳೆಯದಿದ್ದರೆ ದೇವರಿಗೆ ಕೊರತೆಯಿಲ್ಲ. ಆಟದವನ ಮನೆಯ ಒಲೆಗೆ ಮಾತ್ರ ಕೊರತೆ.

ಇದು ಪಾರಿಜಾತದ ಸೀಮೆ. ಅಪರಾಳ ತಮ್ಮಣ್ಣನ ಶ್ರೀಕೃಷ್ಣಪಾರಿಜಾತವನ್ನು ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿ ರಂಗಕ್ಕೆ ತಂದನು. ಹೆಣ್ಣುಮಗಳು ರಂಗವೇರಿದರೆ ಜನರು ಹಳಿಯುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮನವರು ಅದನ್ನು ಊರೂರಿಗೆ ಮುಟ್ಟಿಸಿದರು. ಬೆಳತನಕ ಕೊರವಂಜಿಯಾಗಿ, ದೂತಿಯಾಗಿ ಕುಣಿದವರ ಗಳಿಕೆಯು ಆ ರಾತ್ರಿಯದಷ್ಟೇ. ಆಟವಿಲ್ಲದ ರಾತ್ರಿಗೆ ಸಂಬಳ ಕೊಡುವವರಿಲ್ಲ.

ಇನ್ನು ವಿದ್ವಾಂಸರ ಮಾತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿಯೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿಯೂ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವು 2011ರಲ್ಲಿಯೂ ಹುಟ್ಟಿದವು. ಸಂಶೋಧಕರು ಜಾತ್ರೆಯ ಬಯಲಿನಲ್ಲಿ ಕುಳಿತು ಪದಗಳನ್ನು ಬರೆದುಕೊಂಡರು, ಗ್ರಂಥ ಮಾಡಿದರು, ಪದವಿ ಪಡೆದರು. ಇದು ನಿಂದೆಯಲ್ಲ. ಅವರು ಬಾರದಿದ್ದರೆ ಎಷ್ಟೋ ಆಟಗಳ ಪಾಠವು ಭಾಗವತನ ಕಂಠದೊಡನೆ ಅಳಿದುಹೋಗುತ್ತಿದ್ದಿತು. ಆದರೆ ಜಾತ್ರೆಯೇ ನಿಂತಾಗ ಜಾತ್ರೆಯಿಂದ ಪಡೆದವರು ಮಾಡಬೇಕಾದದ್ದೇನು?

1947ರಲ್ಲಿ ಆರಂಭವಾದ ಎಡಿನ್‌ಬರೋ ನಗರದ ಕಲೋತ್ಸವವು 2020ರಲ್ಲಿ ಮೊದಲ ಸಲ ನಿಂತಿತು. ಆಗ ಲೀಡ್ಸ ವಿಶ್ವವಿದ್ಯಾಲಯದ ಸಂಶೋಧಕರು ಕಲಾಸಂಸ್ಥೆಗಳೊಡನೆ ಕೂಡಿ ಆ ದೇಶದ ಕಲಾವಿದರ ಸ್ಥಿತಿಯನ್ನು ಶೋಧಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಕಾಯಂ ನೌಕರಿಯಿಲ್ಲದೆ, ಕರೆದಾಗ ಹೋಗಿ ದುಡಿಯುವ ಕಲಾವಿದರೇ ಹೆಚ್ಚು ನೊಂದರೆಂಬುದು ಅದರಲ್ಲಿ ಕಂಡುಬಂದಿತು. ಕುಲಗೋಡದ ಆಟದವರನ್ನು ಕೇಳಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು. ಆದರೂ ಲೆಕ್ಕವಿಟ್ಟು ಬರೆದ ಮಾತಿಗೆ ಕಚೇರಿಯಲ್ಲಿ ತೂಕ ಬೇರೆ.

ಆ ತೂಕದ ಬೆಲೆ 2021ರಲ್ಲಿ ತಿಳಿದುಬಂದಿತು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಸರಕಾರವು ಸುಮಾರು 16,000 ಕಲಾವಿದರಿಗೆ ತಲಾ 3,000 ರೂಪಾಯಿ ಸಹಾಯವನ್ನು ಸಾರಿತು. ರಾಜ್ಯದಲ್ಲಿ ಹಾಡುವ ಕುಣಿಯುವ ಜನರು ಅಷ್ಟೇ ಇರುವರೆಂದು ಯಾರು ನಂಬುವರು? ಸಹಾಯವು ಹೆಸರಿನ ಪಟ್ಟಿಯನ್ನು ಹಿಡಿದು ನಡೆಯುವದು ಸಹಜ. ಮೂವತ್ತು ವರ್ಷ ಸತ್ಯಭಾಮೆಯಾಗಿ ಕುಣಿದವನ ಕೈಯಲ್ಲಿ ಅದಕ್ಕೆ ಕಾಗದವೆಲ್ಲಿಯದು? ಕಂಡವರು ಜಾತ್ರೆಯ ಜನ, ಬರೆದಿಟ್ಟವನು ಸಂಶೋಧಕನೊಬ್ಬನೇ. ಯಾವ ಊರು, ಯಾವ ಮೇಳ, ಯಾರು ಹಾಡಿದರು, ಯಾವ ವರ್ಷ ಎಂಬುದೆಲ್ಲ ಅವನ ಟಿಪ್ಪಣಿಯ ಪುಸ್ತಕದಲ್ಲಿರುವದು. ಗ್ರಂಥದ ಕಡೆಯ ಪುಟದಲ್ಲಿ ಸಣ್ಣ ಅಕ್ಷರದಿಂದ ಅಚ್ಚಾದ ಆ ಹೆಸರುಗಳು ಆಪತ್ಕಾಲದಲ್ಲಿ ಬಡವನ ಪಾಲಿಗೆ ಸಾಕ್ಷಿಯಾಗಬಲ್ಲವು. ಅವು ದೂರದ ಗ್ರಂಥಾಲಯದ ಕಪಾಟಿನಲ್ಲಿ ಮಲಗಿದರೆ ಫಲವೇನು?

ಮುಂದಿನ ಜಾತ್ರೆಗೆ ಧಾರವಾಡದಿಂದಲೋ ಗೊಟಗೋಡಿಯಿಂದಲೋ ಸಂಶೋಧಕರು ಬಂದರೆ ಊರ ಹಿರಿಯರು ಪ್ರಸಾದ-ವಸತಿಗಳಿಂದ ಸತ್ಕರಿಸಿ, ಹೊರಡುವಾಗ ಆ ಹೆಸರುಗಳ ಒಂದು ಪ್ರತಿಯನ್ನು ಕೇಳಿ ಪಡೆಯಲಿ. ಅದನ್ನಿರಿಸಲು ಮಠದ ಪುಸ್ತಕಭಾಂಡಾರದಲ್ಲಿ ಸ್ಥಳವುಂಟು.