ಕರಣಿಕನ ವಿದ್ಯೆ



ಬಸವಣ್ಣನವರು ಮಂಗಳವಾಡದಲ್ಲಿ ಮೊದಲು ಕರಣಿಕರಾಗಿದ್ದು, ಅನಂತರ ಬಿಜ್ಜಳನ ಭಂಡಾರಿಗಳಾದರೆಂಬುದು ಪರಂಪರೆಯಿಂದ ವಿದಿತವಾಗಿದೆ. ಲೆಕ್ಕ ಬರೆಯುವುದನ್ನು ಬರಿಯ ಸಂಬಳದ ಉದ್ಯೋಗವೆಂದು ಬಗೆಯುವವರು ಇದನ್ನು ನೆನೆಯುವುದೊಳಿತು. ಕರಣಿಕನಾಗುವ ಬಗೆಯೇನು? ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಶಿವಮೊಗ್ಗೆಯ ತುಂಗಾತೀರದ ಅರಮನೆಯು ಯಾರ ಹೆಸರನ್ನು ಹೊತ್ತಿದೆಯೋ ಆ ಕೆಳದಿಯ ಶಿವಪ್ಪನಾಯಕನ ಶಿಸ್ತಿನಲ್ಲಿಯೇ ಅದು ದೊರೆಯುವುದು.

17ನೆಯ ಶತಮಾನದ ಮಧ್ಯದಲ್ಲಿ ಆತನು ಕಂದಾಯವನ್ನು ಗೊತ್ತುಪಡಿಸಿದ ಕ್ರಮವು ರೈಸ್ ಸಾಹೇಬರ ಗ್ಯಾಸೆಟಿಯರಿನಲ್ಲಿ ವಿವರಿಸಲ್ಪಟ್ಟಿದೆ. ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ 5 ತರವಾಗಿ ವಿಂಗಡಿಸಿ, ಒಂದೊಂದು ತರದ ಹೊಲವನ್ನೂ 12 ವರ್ಷ ತನ್ನ ಖರ್ಚಿನಿಂದಲೇ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಬೆಳೆಯೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆಯಿಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲೊಂದು ಪಾಲನ್ನು ಅರಮನೆಗೆಂದು ನಿಶ್ಚಯಿಸಿದನು. ಒಂದೇ ಸುಗ್ಗಿಯನ್ನು ನೋಡಿ ಕಂದಾಯ ಕಟ್ಟಿದ್ದರೆ, ಮಳೆಬೆಳೆ ತುಂಬಿದ ವರ್ಷದ ಲೆಕ್ಕವು ಬರಗಾಲದ ಒಕ್ಕಲಿನ ಕೊರಳಿಗೆ ಬೀಳುತ್ತಿತ್ತು. ಮೂರರಲ್ಲೊಂದು ಪಾಲು ಹಗುರವಾದ ಹೊರೆಯೇನೂ ಅಲ್ಲ. ಆದರೆ ಅದು ಅಧಿಕಾರಿಯ ಊಹೆಯಿಂದ ಹುಟ್ಟಿದ ಹೊರೆಯಲ್ಲ.

ಹಿಂದಿನ ಲೆಕ್ಕಿಗರು ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದನ್ನು ಅಳಿಸಿ ತಿದ್ದುವುದು ಬಲು ಸುಲಭ. ಆದುದರಿಂದ ಕಡತದ ಬೆಲೆಯೆಲ್ಲ ಬರೆದವನ ಸತ್ಯದಲ್ಲಿಯೇ ಇದ್ದಿತು.

ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿದಾಗ ಅದೇ ಪ್ರಶ್ನೆಯು ಕಾರ್ಖಾನೆಗೆ ಬಂದಿತು. ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಸೌದೆಯ ಇದ್ದಿಲು, ಕೂಲಿ, ಸಾಗಣೆ ಇವೆಲ್ಲ ಕೂಡಿ ಒಂದು ಟನ್ನಿಗೆ ಬಿದ್ದ ಅಸಲೆಷ್ಟೆಂದು ತಿಳಿಯದೆ ಮಾರುವವನು ಲಾಭವನ್ನು ಮಾರುವನೋ ನಷ್ಟವನ್ನು ಮಾರುವನೋ ಅವನಿಗೇ ತಿಳಿಯದು. ಇದನ್ನು ತಿಳಿಸುವ ವಿದ್ಯೆಗೆ ಈಗ ಕಾಸ್ಟ್ ಅಕೌಂಟೆನ್ಸಿಯೆಂದು ಹೆಸರು. 1959ರ ಕಾಯಿದೆಯಿಂದ ಅದಕ್ಕೆ ಬೇರೆಯೇ ಸಂಸ್ಥೆಯುಂಟು.

ಲೆಕ್ಕಪರಿಶೋಧನೆಯನ್ನು ಬಯಸುವ ತರುಣರು 1949ರ ಕಾಯಿದೆಯಿಂದ ಏರ್ಪಟ್ಟ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯನ್ನು ಸೇರಬೇಕು. ಫೌಂಡೇಷನ್, ಇಂಟರ್‌ಮೀಡಿಯೆಟ್, ಫೈನಲ್ ಎಂದು ಅದರ ಪರೀಕ್ಷೆಗಳು ಮೂರು. ಇವುಗಳೊಡನೆ ಅನುಭವಿಗಳ ಕೈಕೆಳಗೆ ದುಡಿಯುವ ಆರ್ಟಿಕಲ್‌ಶಿಪ್ಪೆಂಬ ಶಿಷ್ಯವೃತ್ತಿಯೂ ಉಂಟು. ಅದು 3 ವರ್ಷವಿದ್ದುದು 2023ರ ಹೊಸ ಕ್ರಮದಂತೆ 2 ವರ್ಷವಾಗಿದೆ. ತರುಣರಿಗೆ ಇದು ಹಿತವೆನಿಸಬಹುದು. 12 ಸುಗ್ಗಿಗಳನ್ನು ಕಾದ ಅರಸನ ನಾಡಿನವರಿಗೆ ಸಾಲದೆನಿಸೀತು! ಇರುವ 2 ವರ್ಷಗಳಲ್ಲಿಯಾದರೂ ಶಿಷ್ಯನು ಕಚೇರಿಯಲ್ಲಿಯೇ ಕುಳಿತಿರಲಾಗದು. ಅಡಿಕೆಯ ಮಂಡಿಗೆ ಹೋಗಿ ತೂಕವನ್ನು ಕಣ್ಣಾರೆ ನೋಡಬೇಕು. ಉಗ್ರಾಣಕ್ಕೆ ಹೋಗಿ ಚೀಲಗಳನ್ನೆಣಿಸಿ ಖಾತೆಯೊಡನೆ ತಾಳೆ ನೋಡಬೇಕು. ತಾಳೆಯಾಗದಿದ್ದಲ್ಲಿ, ಯಜಮಾನನು ಎಷ್ಟೇ ಅವಸರಪಡಿಸಿದರೂ, ಮರಳಿ ಎಣಿಸಬೇಕು.