ಪ್ರೋಟಾನ್ ಕಿರಣವೂ ಜೀವಕೋಶವೂ

ದೇಹದೊಳಗಿನ ಗಡ್ಡೆಯನ್ನು ಕಿರಣದಿಂದ ಸುಡಹೊರಟ ವೈದ್ಯನಿಗೆ ಗಡ್ಡೆಗಿಂತಲೂ ಅದರ ನೆರೆಹೊರೆಯ ಚಿಂತೆಯೇ ಹೆಚ್ಚು. ಕ್ಷ-ಕಿರಣವು ಚರ್ಮದ ಕೆಳಗೆ ಸ್ವಲ್ಪ ದೂರದಲ್ಲಿಯೇ ತನ್ನ ಪ್ರತಾಪವನ್ನು ತೋರಿ, ಮೆಲ್ಲಮೆಲ್ಲನೆ ಕುಗ್ಗುತ್ತ, ಗಡ್ಡೆಯನ್ನೂ ದಾಟಿ ಆಚೆಯ ಮಗ್ಗುಲಿಗೆ ಹೊರಟುಹೋಗುತ್ತದೆ. ದಾರಿಯುದ್ದಕ್ಕೂ ಇರುವ ನಿರಪರಾಧಿ ಜೀವಕೋಶಗಳು ದಂಡ ತೆರಬೇಕು.

ಪ್ರೋಟಾನಿನ ನಡೆ ಬೇರೆ. ಜಲಜನಕದ ಪರಮಾಣುವಿನ ಬೀಜಕ್ಕೆ ರುದರ್‌ಫರ್ಡ್ 1920ರಲ್ಲಿ ಇಟ್ಟ ಹೆಸರಿದು. ಗ್ರೀಕ್ ಮಾತಿನಲ್ಲಿ ‘ಮೊದಲನೆಯದು’ ಎಂದರ್ಥ. ವೇಗವಾಗಿ ಓಡುವಾಗ ಇದು ದಾರಿಯಲ್ಲಿ ಬಿಟ್ಟುಕೊಡುವ ಶಕ್ತಿ ಅಲ್ಪ. ವೇಗ ತಗ್ಗಿದಷ್ಟೂ ಕೊಡುಗೆ ಹೆಚ್ಚು; ನಿಲ್ಲುವ ಮುನ್ನ ಉಳಿದದ್ದನ್ನೆಲ್ಲ ಒಂದೆಡೆ ಸುರಿದುಬಿಡುತ್ತದೆ. 23 ಕೋಟಿ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನು ನೀರಿನಲ್ಲಿ ಸುಮಾರು 33 ಸೆಂಟಿಮೀಟರು ಸಾಗಿ ನಿಲ್ಲುತ್ತದೆ. ಶಕ್ತಿಯನ್ನು ತಗ್ಗಿಸಿದರೆ ಇನ್ನೂ ಮೇಲೆಯೇ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ರಾಬರ್ಟ್ ವಿಲ್ಸನ್ 1946ರಲ್ಲಿ ಬರೆದರು. 1954ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ದೊರೆಯಿತು.

ಆದರೆ ಯಂತ್ರದಿಂದ ಹೊರಡುವ ಕಿರಣ ಕಡ್ಡಿಯಷ್ಟು ಸಣ್ಣದು, ಗಡ್ಡೆಯೋ ನಿಂಬೆಹಣ್ಣಿನಷ್ಟಿರಬಹುದು. ತುಂಬುವುದು ಹೇಗೆ? ಇದಕ್ಕೆ ಎರಡು ದಾರಿ. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ, ಒಂದು ಬೀಜ ಚೆಲ್ಲುವುದು, ಇನ್ನೊಂದು ಕಾಳು ಊರುವುದು. ಮೊದಲಿನದರಲ್ಲಿ ಕಿರಣವನ್ನು ಲೋಹದ ತೆಳು ಹಾಳೆಗೆ ಹಾಯಿಸಿ ಚದರಿಸುತ್ತಾರೆ. ಗಡ್ಡೆಯ ಆಕಾರಕ್ಕೆ ಕೊರೆದ ಹಿತ್ತಾಳೆಯ ಕಿಂಡಿಯಿಂದ ಅಂಚನ್ನು ಕತ್ತರಿಸುತ್ತಾರೆ. ಲೋಹಕ್ಕೆ ತಾಗಿದ ಪ್ರೋಟಾನುಗಳು ನ್ಯೂಟ್ರಾನುಗಳನ್ನು ಎಬ್ಬಿಸುತ್ತವೆ. ಅವುಗಳಲ್ಲಿ ಕೆಲವು ರೋಗಿಯ ಮೈಮೇಲೆಯೇ ಬೀಳುತ್ತವೆ. ಎರಡನೆಯದರಲ್ಲಿ ಅಯಸ್ಕಾಂತಗಳು ಕಿರಣವನ್ನು ಅತ್ತಿತ್ತ ತಿರುಗಿಸಿ, ಪದರಪದರವಾಗಿ ಚುಕ್ಕೆಯಿಡುತ್ತವೆ. ಸ್ವಿಟ್ಜರ್ಲೆಂಡಿನ ವಿಲ್ಲಿಗೆನ್ನಿನಲ್ಲಿ 1996ರಿಂದ ರೋಗಿಗಳಿಗೆ ಹೀಗೆ ಚಿಕಿತ್ಸೆ ನಡೆದಿದೆ. ನ್ಯೂಟ್ರಾನಿನ ಕಾಟ ಇಲ್ಲಿ ಕಡಮೆ. ಆದರೆ ಉಸಿರಾಟಕ್ಕೆ ಅಲುಗಾಡುವ ಶ್ವಾಸಕೋಶದ ಗಡ್ಡೆಯಲ್ಲಿ ಒಂದು ಚುಕ್ಕೆ ಎರಡು ಬಾರಿ ಬಿದ್ದು ಮತ್ತೊಂದು ತಪ್ಪಿಹೋಗುವ ಭಯವುಂಟು.

ಇನ್ನು ಜೀವಕೋಶದ ಮಾತು. ಅದರ ಡಿಎನ್ಎ ಜೋಡಿ ಎಳೆಯ ಹುರಿ. ಒಂದು ಎಳೆ ಕಡಿದರೆ ಜೀವಕೋಶ ಇನ್ನೊಂದನ್ನು ನೋಡಿ ತಿದ್ದಿಕೊಳ್ಳುತ್ತದೆ. ಒಂದು ಓಲೆಯನ್ನು ಗೆದ್ದಲು ತಿಂದಾಗ ಪ್ರತ್ಯಂತರವನ್ನು ನೋಡಿ ಪಾಠ ತುಂಬುವ ಪಂಡಿತನಂತೆ. ಎರಡೂ ಒಂದೇ ಕಡೆ ಕಡಿದರೆ ತಿದ್ದುವುದು ಕಷ್ಟ, ತಪ್ಪು ಪಾಠವೂ ಸೇರಬಹುದು. ಒಂದು ಗ್ರೇ ಪ್ರಮಾಣದ ಕ್ಷ-ಕಿರಣದಿಂದ ಪ್ರತಿ ಜೀವಕೋಶದಲ್ಲಿ ಸುಮಾರು 1000 ಒಂಟಿ ಕಡಿತಗಳೂ, ಕೆಲವು ಹತ್ತರಷ್ಟು ಮಾತ್ರ ಜೋಡಿ ಕಡಿತಗಳೂ ಆಗುತ್ತವೆ. ದಣಿದು ನಿಲ್ಲಲಿರುವ ಪ್ರೋಟಾನು ಮಾಡುವ ಗಾಯಗಳು ಒತ್ತೊತ್ತಾಗಿ ಗುಂಪುಗೂಡುತ್ತವೆ. ಅದು ತಿದ್ದಲು ಕಷ್ಟವಾದ ಗಾಯ.

ಆಸ್ಪತ್ರೆಗಳು ಪ್ರೋಟಾನಿನ ಬಲವನ್ನು ಕ್ಷ-ಕಿರಣದ 1.1ರಷ್ಟೆಂದು ಎಲ್ಲೆಡೆಗೂ ಒಂದೇ ಅಂಕೆ ಹಿಡಿದು ಲೆಕ್ಕ ಹಾಕುತ್ತವೆ. ಪ್ರಯೋಗಶಾಲೆಯ ಜೀವಕೋಶಗಳು ಬೇರೆ ಹೇಳುತ್ತವೆ: ದಾರಿಯ ತುದಿಯಲ್ಲಿ ಅದು ಸುಮಾರು 1.35, ಅದರಾಚೆಯ ಇಳಿಜಾರಿನಲ್ಲಿ 1.7ರವರೆಗೂ ಏರುತ್ತದೆ. ಲೆಕ್ಕ ಸುಲಭವಾಯಿತೆಂಬುದು ಸರಿಯೆ. ಆದರೆ ಮಿದುಳಿನ ಹಿಂಭಾಗದಲ್ಲಿ ಗಡ್ಡೆಯಿರುವ ಮಗುವನ್ನು ನೆನೆಯಿರಿ. ಗಡ್ಡೆಯ ಮುಂದೆಯೇ ಉಸಿರನ್ನೂ ಎದೆಬಡಿತವನ್ನೂ ಆಳುವ ಮಿದುಳಿನ ಕಾಂಡವಿದೆ. ಹಿಂದಿನಿಂದ ನೇರವಾಗಿ ಬಿಟ್ಟ ಕಿರಣದ ತುದಿ, ಅಂದರೆ ಅದರ ಅತಿ ಕ್ರೂರವಾದ ಭಾಗ, ಅಲ್ಲಿಯೇ ಬೀಳಬಹುದು. ಆದ್ದರಿಂದ ಜಾಣರು ಬೇರೆಬೇರೆ ಕೋನಗಳನ್ನು ಆರಿಸುತ್ತಾರೆ. ಕಾಳೂರುವ ಪದ್ಧತಿಯಲ್ಲಾದರೆ ನಿಧಾನಗೊಂಡ ಪ್ರೋಟಾನುಗಳು ಗಡ್ಡೆಯ ನಡುವೆಯೇ ನಿಲ್ಲುವಂತೆ ಹವಣಿಸಬಹುದು. ನನ್ನ ಮಟ್ಟಿಗೆ ಅದರ ನಿಜವಾದ ಹೆಚ್ಚುಗಾರಿಕೆ ಇದೇ. ಚೆನ್ನೈಯಲ್ಲಿ 2019ರಲ್ಲಿ ಆರಂಭವಾದ ಕೇಂದ್ರದಲ್ಲಿರುವುದೂ ಇದೇ ಪದ್ಧತಿ.

ಹೊಸದೊಂದು ಕ್ರಮದಲ್ಲಿ, ನಿಮಿಷಗಟ್ಟಲೆ ಕೊಡುವ ಕಿರಣವನ್ನು ಸೆಕೆಂಡಿಗೆ 40 ಗ್ರೇಗೂ ಮೀರಿದ ರಭಸದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡುತ್ತಾರೆ. ಫ್ರಾನ್ಸಿನ ವಿಜ್ಞಾನಿಗಳು 2014ರಲ್ಲಿ ಎಲೆಕ್ಟ್ರಾನುಗಳಿಂದ ಇಲಿಗಳ ಮೇಲೆ ಪ್ರಯೋಗಿಸಿದಾಗ ಗಡ್ಡೆ ಕುಗ್ಗಿತು, ಶ್ವಾಸಕೋಶ ಉಳಿಯಿತು. ಏಕೆ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. 2020ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕೈಕಾಲಿನ ಮೂಳೆಗೆ ಅರ್ಬುದ ಹರಡಿದ್ದ ರೋಗಿಗಳ ಮೇಲೆ ಪ್ರೋಟಾನಿನಿಂದ ಇದರ ಪರೀಕ್ಷೆ ಆರಂಭವಾಯಿತು. ಒಟ್ಟು 10 ಮಂದಿ. ವಿನೋದವೆಂದರೆ, ಅಲ್ಲಿ ಪ್ರೋಟಾನನ್ನು ದೇಹದೊಳಗೆ ನಿಲ್ಲಿಸಲಿಲ್ಲ. ಕ್ಷ-ಕಿರಣದಂತೆ ಆಚೆಗೆ ಹಾಯಿಸಿಬಿಟ್ಟರು.