ಹಕ್ಕಿಬೇಟೆಯ ಕೋವಿಯೂ ಚೋಕಿನ ಆಯ್ಕೆಯೂ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಹಕ್ಕಿಬೇಟೆಯು ಎರಡು ಬಗೆಯಾಗಿ ನಡೆಯುತ್ತದೆ. ಒಂದರಲ್ಲಿ ಆಳುಗಳು ಪೊದೆಗಳನ್ನು ಬಡಿದು ಹಕ್ಕಿಗಳನ್ನು ಅಟ್ಟುತ್ತಾರೆ. ಕೋವಿ ಹಿಡಿದವರು ಸಾಲಾಗಿ ನಿಂತು, ತಲೆಯ ಮೇಲೆ ಹಾಯುವ ಹಕ್ಕಿಗಳನ್ನು ಹೊಡೆಯುತ್ತಾರೆ. ಇನ್ನೊಂದಕ್ಕೆ ‘ರಫ್ ಷೂಟಿಂಗ್’ ಎಂದು ಹೆಸರು. ಇಲ್ಲಿ ಒಬ್ಬಿಬ್ಬರು ಮಾತ್ರ, ಸ್ಪ್ಯಾನಿಯಲ್ ನಾಯಿಯೊಂದನ್ನು ಮುಂದೆ ಬಿಟ್ಟುಕೊಂಡು, ಬೇಲಿಸಾಲುಗಳನ್ನೂ ಬೀಟ್‌ಗೆಡ್ಡೆಯ ಹೊಲಗಳನ್ನೂ ನಡೆದು ಅರಸುತ್ತಾರೆ. ಹಕ್ಕಿ ಯಾವಾಗ ಏಳುವುದೋ ಎಲ್ಲಿಂದ ಏಳುವುದೋ ಯಾರಿಗೂ ತಿಳಿಯದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವೂ 1991ರ ಅದರ ತಿದ್ದುಪಡಿಯೂ ಇಂತಹ ವಿನೋದದ ಬೇಟೆಯನ್ನು ನಿಲ್ಲಿಸಿವೆ. ಆದುದರಿಂದ ಇಂದು ನಾವು ಹೇಳುವುದೆಲ್ಲವೂ ಆ ನಾಡಿನ ಮಾತೆಂದು ಶ್ರೋತೃಗಳು ತಿಳಿಯಬೇಕು.

ಈ ಬೇಟೆಗೆ ಬಳಸುವುದು ಚರೆಕೋವಿ. ಅದರ ತೋಟಾದಲ್ಲಿ ಒಂದೇ ಗುಂಡಿರದೆ, ಸಾಸಿವೆಗಿಂತ ತುಸು ದಪ್ಪನಾದ ನೂರಾರು ಚರೆಗಳಿರುತ್ತವೆ. ನಳಿಗೆಯಿಂದ ಹೊರಟ ಚರೆಗಳು ದೂರ ಹೋದಂತೆಲ್ಲ ಹರಡುತ್ತವೆ. ಈ ಹರವನ್ನು ಹಿಡಿತದಲ್ಲಿಡುವುದಕ್ಕಾಗಿ ನಳಿಗೆಯ ಬಾಯನ್ನು ಕೂದಲೆಳೆಗಳಷ್ಟು ಕಿರಿದುಮಾಡುವುದೇ ಚೋಕ್. ಹನ್ನೆರಡು ಬೋರಿನ ಕೋವಿಯ ಒಳವ್ಯಾಸವು ಸುಮಾರು 0.729 ಅಂಗುಲ. ಅದರ ಬಾಯಿ ಅಂಗುಲದ ಸಾವಿರದಲ್ಲಿ 40 ಪಾಲು ಕಿರಿದಾದರೆ ಪೂರ್ಣ ಚೋಕ್, 20 ಪಾಲಾದರೆ ಅರ್ಧ, 10 ಆದರೆ ಕಾಲು. ಐದರಷ್ಟೇ ಆದರೆ ಅದು ‘ಇಂಪ್ರೂವ್ಡ್ ಸಿಲಿಂಡರ್’.

ನ್ಯೂಕಾಸಲಿನ ಡಬ್ಲ್ಯು. ಆರ್. ಪೇಪ್ ಎಂಬಾತನು 1866ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರನು ಅದನ್ನು ಹದಕ್ಕೆ ತಂದನು. 1875ರಲ್ಲಿ ‘ಫೀಲ್ಡ್’ ಪತ್ರಿಕೆಯವರು ನಡೆಸಿದ ಪರೀಕ್ಷೆಯಲ್ಲಿ ಚೋಕ್ ಕೋವಿಗಳೇ ಮೇಲುಗೈಯಾದುವು. ಬಿಗಿಯಾದಷ್ಟೂ ಕೋವಿ ಮೇಲೆಂಬ ಮೋಹವು ಇಂದಿಗೂ ಹಲವರನ್ನು ಬಿಟ್ಟಿಲ್ಲ.

ನಮ್ಮನ್ನೂ ಅದು ಬಿಟ್ಟಿರಲಿಲ್ಲ. ಒಮ್ಮೆ ನಾರ್ಫೋಕ್ ಪ್ರಾಂತ್ಯದಲ್ಲಿ ಪೂರ್ಣ ಚೋಕಿನ ಕೋವಿಯನ್ನು ಎರವಲು ಪಡೆದು ಹೊರಟೆವು. ಮೊದಲ ಫೆಸೆಂಟ್ ಹಕ್ಕಿಯು ಹದಿನೈದು ಗಜದಲ್ಲಿ ಎದ್ದಿತು. ಎರಡು ಸಲ ಹೊಡೆದರೂ ತಪ್ಪಿತು. ಎರಡನೆಯದಕ್ಕೆ ಏಟು ಬಿದ್ದಿತು. ಆದರೆ ಅಡುಗೆಮನೆಗೆ ಒಯ್ಯುವಂತೆ ಅದರಲ್ಲಿ ಏನೂ ಉಳಿಯಲಿಲ್ಲ. ಮೂರನೆಯದು ಐವತ್ತು ಗಜವನ್ನು ದಾಟಿತ್ತು. ಚೋಕನ್ನು ನಂಬಿ ಹೊಡೆದೆವು. ಹಕ್ಕಿಯು ಒಂದು ಕಾಲನ್ನು ಜೋಲುಬಿಟ್ಟುಕೊಂಡು ಹಾರಿಹೋಯಿತು. ಕತ್ತಲಾಗುವವರೆಗೆ ನಾಯಿ ಹುಡುಕಿತು; ಸಿಕ್ಕಲಿಲ್ಲ. ಆ ರಾತ್ರಿ ನಮಗೆ ಊಟ ರುಚಿಸಲಿಲ್ಲ.

ಮರುದಿನ ಅಲ್ಲಿಯ ಬೇಟೆಗಾವಲಿನ ಮುದುಕನು ನಮ್ಮನ್ನು ಸುಣ್ಣ ಬಳಿದ ಕಬ್ಬಿಣದ ಹಲಗೆಯೊಂದರ ಮುಂದೆ ನಿಲ್ಲಿಸಿ, ಹೊಡೆದು ಎಣಿಸಿರೆಂದನು. ಲೆಕ್ಕವು ಹೀಗಿದೆ: ಆರನೆಯ ನಂಬರಿನ 30 ಗ್ರಾಂ ಸೀಸದ ತೋಟಾದಲ್ಲಿ ಸುಮಾರು 285 ಚರೆಗಳು. 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತದೊಳಗೆ ಪೂರ್ಣ ಚೋಕ್ ನೂರಕ್ಕೆ 70 ಚರೆಗಳನ್ನೂ, ಅರ್ಧ ಚೋಕ್ 60ನ್ನೂ, ಇಂಪ್ರೂವ್ಡ್ ಸಿಲಿಂಡರ್ 50ನ್ನೂ ಹಾಕುತ್ತವೆ. ಫೆಸೆಂಟ್ ಹಕ್ಕಿಯು ನರಳದೆ ಬೀಳಬೇಕಾದರೆ ಆ ವೃತ್ತದಲ್ಲಿ ಸುಮಾರು 120 ಚರೆಗಳಿರಬೇಕು. ಇಂಪ್ರೂವ್ಡ್ ಸಿಲಿಂಡರಿಗೆ 140ಕ್ಕೂ ಮಿಕ್ಕಿ ದೊರೆಯುತ್ತವೆ! ಇನ್ನು 20 ಗಜದಲ್ಲಿ ನೋಡಿರಿ: ಪೂರ್ಣ ಚೋಕಿನ ಚರೆಗಳ ಹರವು ಸುಮಾರು 16 ಅಂಗುಲ, ಇಂಪ್ರೂವ್ಡ್ ಸಿಲಿಂಡರಿನದು 26. ವಿಸ್ತೀರ್ಣದಲ್ಲಿ ಇದು ಎರಡೂವರೆ ಪಾಲಿಗೂ ಹೆಚ್ಚು. ನಾಯಿಯು ಎಬ್ಬಿಸಿದ ಹಕ್ಕಿಯು ಸಾಮಾನ್ಯವಾಗಿ ಸಿಕ್ಕುವುದು ಈ ಹತ್ತಿರದಲ್ಲಿಯೇ.

ಆದುದರಿಂದ ಜೋಡುನಳಿಗೆಯ ಕೋವಿಯಲ್ಲಿ ಮೊದಲು ಹಾರಿಸುವ ನಳಿಗೆಗೆ ಇಂಪ್ರೂವ್ಡ್ ಸಿಲಿಂಡರೂ, ಎರಡನೆಯದಕ್ಕೆ ಕಾಲು ಅಥವಾ ಅರ್ಧ ಚೋಕೂ ಸಾಕು. ಎದ್ದ ಹಕ್ಕಿಯು ನಮ್ಮಿಂದ ದೂರಕ್ಕೆ ಹಾರುವುದರಿಂದ ಎರಡನೆಯ ಏಟು ಯಾವಾಗಲೂ ಹೆಚ್ಚು ದೂರದ್ದಾಗಿರುತ್ತದೆ. ದಟ್ಟವಾದ ತೋಪಿನಲ್ಲಿ ವುಡ್‌ಕಾಕ್ ಹಕ್ಕಿಯನ್ನು ಅರಸುವಾಗ ಎರಡು ನಳಿಗೆಗಳೂ ಸಡಿಲವಾಗಿಯೇ ಇರಲಿ. ಜನವರಿಯಲ್ಲಿ ಹಕ್ಕಿಗಳು ಬೆದರಿ ದೂರದಿಂದಲೇ ಏಳತೊಡಗಿದಾಗ ಅರ್ಧ ಚೋಕಿಗೆ ಕೆಲಸವುಂಟು. ಸೀಸವು ವಿಷವಾದುದರಿಂದ ಇಂಗ್ಲೆಂಡಿನಲ್ಲಿ 1999ರಿಂದ ನೀರುಹಕ್ಕಿಗಳ ಬೇಟೆಗೆ ಅದು ನಿಷಿದ್ಧ. ಅದರ ಸ್ಥಾನಕ್ಕೆ ಉಕ್ಕಿನ ಚರೆ ಬಂದಿದೆ. ಉಕ್ಕು ಗಡುಸು, ಅದರ ಚರೆಗಳು ನಜ್ಜಾಗದೆ ತಾವಾಗಿಯೇ ಒತ್ತಾಗಿ ಸಾಗುತ್ತವೆ. ಅದನ್ನು ಬಳಸುವವರು ಅರ್ಧ ಚೋಕನ್ನು ಮೀರದಿರುವುದು ಕೋವಿಗೂ ಕ್ಷೇಮ. ಆದರೆ ಉಕ್ಕು ಸೀಸಕ್ಕಿಂತ ಹಗುರವಾದುದರಿಂದ ಎರಡು ನಂಬರು ದಪ್ಪನೆಯ ಚರೆಯನ್ನು ಆರಿಸಬೇಕು.

ಯಾವ ಎರಡು ಕೋವಿಗಳೂ ಒಂದೇ ತೋಟಾವನ್ನು ಒಂದೇ ರೀತಿ ಹರಡುವುದಿಲ್ಲ. ನಳಿಗೆಯ ಮೇಲೆ ಕೆತ್ತಿದ ಅಕ್ಷರವನ್ನು ನಂಬದೆ, ಬೇಟೆಯ ಕಾಲಕ್ಕೆ ಮೊದಲೇ ಹಲಗೆಗೆ ನಾಲ್ಕಾರು ಸಲ ಹೊಡೆದು, ತೂತುಗಳನ್ನು ಎಣಿಸಿ, ಸರಾಸರಿಯನ್ನು ತಿಳಿಯತಕ್ಕುದು. ಇದು ಬೇಸರದ ಕೆಲಸವೇ ಸರಿ; ಆದರೆ ನಮ್ಮ ಅಜ್ಞಾನಕ್ಕೆ ಬೆಲೆ ತೆರುವುದು ಹಕ್ಕಿ. ಇಷ್ಟೆಲ್ಲ ಮಾಡಿದ ಮೇಲೆಯೂ, ದೂರವನ್ನು ಅಳೆಯುವ ಕಣ್ಣಿಗೂ ತಡೆದು ನಿಲ್ಲುವ ಬೆರಳಿಗೂ ಬದಲಾಗಿ ಯಾವ ಚೋಕೂ ನಿಲ್ಲಲಾರದು. ಅಂದು ಆ ಮೂರನೆಯ ಹಕ್ಕಿಯನ್ನು ನಾವು ಹಾರಲು ಬಿಡಬೇಕಾಗಿತ್ತು.